ಕೊಟ್ಟಿಗೆಗೆ ವೈರಿಂಗ್: ಎಲೆಕ್ಟ್ರಿಷಿಯನ್‌ಗೆ ನೀವೇ ಪರೀಕ್ಷಕರು



ಡೇರಿಗೆ ಹಾಲು ತಂದಾಗ ಏನೇನು ನಡೆಯುತ್ತದೆ ಎಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಅಳತೆ ನೋಡುತ್ತಾರೆ, ಫ್ಯಾಟ್ ನೋಡುತ್ತಾರೆ, ಎಸ್‌ಎನ್‌ಎಫ್ ನೋಡುತ್ತಾರೆ. ಎಷ್ಟೇ ಪರಿಚಯದವರು ತಂದರೂ ಪರೀಕ್ಷೆ ತಪ್ಪುವುದಿಲ್ಲ. ಪಡ್ಡೆ ಕೊಳ್ಳಲು ಹೋದರೆ ನೀವೂ ಹಾಗೆಯೇ. ಹಲ್ಲು ನೋಡುತ್ತೀರಿ, ಕೆಚ್ಚಲು ಮುಟ್ಟಿ ನೋಡುತ್ತೀರಿ, ನಡೆಸಿ ನೋಡುತ್ತೀರಿ. ಆದರೆ ಕೊಟ್ಟಿಗೆಗೆ ಕರೆಂಟ್ ಎಳೆಯಲು ಬಂದವನಿಗೆ ನಾವು ಕೇಳುವುದು ಒಂದೇ ಪ್ರಶ್ನೆ: "ಎಷ್ಟಾಗತ್ತಪ್ಪ?"

ಈ ಸಲದ ಪಾಠ ಆ ಪ್ರಶ್ನೆಗೆ ಮೊದಲು ಕೇಳಬೇಕಾದ ಬೇರೆ ಪ್ರಶ್ನೆಗಳ ಬಗ್ಗೆ. ಎಲೆಕ್ಟ್ರಿಷಿಯನ್ ಕೆಲಸ ಬಲ್ಲವನೇ ಅಲ್ಲವೇ ಎಂದು ತಿಳಿಯಲು ನೀವು ಎಲೆಕ್ಟ್ರಿಷಿಯನ್ ಆಗಬೇಕಿಲ್ಲ. ಸರಿ ಉತ್ತರ ಯಾವುದು ಎಂದು ಗೊತ್ತಿದ್ದರೆ ಸಾಕು.

ಕಳೆದ ಮಳೆಗಾಲದಲ್ಲಿ ನೋಡಿದ ಒಂದು ಕೊಟ್ಟಿಗೆಯಿಂದ ಶುರುಮಾಡುತ್ತೇನೆ. ಬಾಗಲೂರು ಪಕ್ಕದ ಊರು, ಹೆಸರು ಬೇಡ. ಕಬ್ಬಿಣದ ಕಂಬ, ಮೇಲೆ ಶೀಟು, ಎರಡು ಎಚ್‌ಎಫ್ ಮಿಶ್ರತಳಿ ಹಸು, ಮೂಲೆಯಲ್ಲಿ ಮೇವು ಕತ್ತರಿಸುವ ಮಿಷನ್ನು. ಹಸುಗಳು ಕಬ್ಬಿಣದ ಡ್ರಮ್ಮಿನಲ್ಲಿ ನೀರು ಕುಡಿಯುವುದನ್ನು ಬಿಟ್ಟವು. ಮೂತಿ ಹತ್ತಿರ ತರುತ್ತವೆ, ಬೆಚ್ಚಿ ಹಿಂದಕ್ಕೆ ಸರಿಯುತ್ತವೆ. ಹಾಲು ಕರೆಯಲು ಕೂತರೆ ಒದೆಯುತ್ತವೆ, ಸರಿಯಾಗಿ ಸೊರ ಬಿಡುವುದಿಲ್ಲ. ಅತ್ತೆ ದೃಷ್ಟಿ ತೆಗೆದರು, ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಡಾಕ್ಟರು ಬಂದು ನೋಡಿದರು: ಜ್ವರವಿಲ್ಲ, ಕೆಚ್ಚಲು ಬಾವಿಲ್ಲ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕೊಟ್ಟರೆ ಅದೇ ನೀರನ್ನು ಗಟಗಟ ಕುಡಿಯುತ್ತಿದ್ದವು. ಅದನ್ನು ಗಮನಿಸಿದ್ದು ಸೊಸೆ. ಒಂದು ದಿನ ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಆ ಡ್ರಮ್ಮು ಮುಟ್ಟಿದಾಗ ಆಕೆಯ ಬೆರಳಿಗೂ 'ಜುಂ' ಎಂದಿತು. ನೋಡಿದರೆ, ಶೀಟಿನ ಅಂಚಿಗೆ ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಹೋಗಿತ್ತು. ಶೀಟಿನಿಂದ ಕಂಬಕ್ಕೆ, ಕಂಬಕ್ಕೆ ಆತುಕೊಂಡಿದ್ದ ಡ್ರಮ್ಮಿಗೆ ಕರೆಂಟ್ ಇಳಿದಿತ್ತು. ಅರ್ಥಿಂಗ್ ಎಂಬುದೇ ಇರಲಿಲ್ಲ. ವೈರಿಂಗ್ ಮಾಡಿದವನು ಅಪಾರ್ಟ್‌ಮೆಂಟ್ ಕೆಲಸಕ್ಕೆ ಹೋಗುವ ಒಬ್ಬ ಹುಡುಗ. ಭಾನುವಾರ ಬಂದು ಮುಗಿಸಿಕೊಟ್ಟು ಹೋಗಿದ್ದ.

ಸೊಸೆಗೆ ಏನೂ ಆಗಲಿಲ್ಲ, ಹಸುಗಳೂ ಉಳಿದವು. ಎಲ್ಲ ಕೊಟ್ಟಿಗೆಯಲ್ಲೂ ಹೀಗೆ ಮುಗಿಯುವುದಿಲ್ಲ.

ಹಸುವಿಗೆ ಯಾಕೆ ಬೇಗ ತಗಲುತ್ತದೆ

ನಮಗೆ ಗೊತ್ತಾಗದ ಕರೆಂಟು ಹಸುವಿಗೆ ಗೊತ್ತಾಗುತ್ತದೆ. ನಾವು ಚಪ್ಪಲಿ ಹಾಕುತ್ತೇವೆ. ಹಸು ನಿಲ್ಲುವುದು ಗಂಜಲ, ನೀರು ತುಂಬಿದ ನೆಲದ ಮೇಲೆ, ಬರಿಗಾಲಲ್ಲಿ, ನಾಲ್ಕು ಕಾಲೂರಿ. ಅದರ ಮೂತಿ ಸದಾ ಒದ್ದೆ. ಮೂತಿಯಿಂದ ಗೊರಸಿನವರೆಗೆ ಹಸುವಿನ ಮೈ ಕರೆಂಟಿಗೆ ಒಡ್ಡುವ ತಡೆ ಸುಮಾರು 500 ಓಮ್ ಎಂದು ಲೆಕ್ಕ ಹಿಡಿಯುತ್ತಾರೆ. ಮನುಷ್ಯರಿಗೆ ಸಾಮಾನ್ಯವಾಗಿ ಹಿಡಿಯುವ ಲೆಕ್ಕ ಅದರ ಎರಡು ಪಟ್ಟು. ಅಂದರೆ ಡ್ರಮ್ಮಿನಲ್ಲಿ ಬರೀ 5 ವೋಲ್ಟ್ ಇದ್ದರೂ ಹಸುವಿನ ಮೈಯಲ್ಲಿ 10 ಮಿಲಿ ಆಂಪಿಯರ್ ಹರಿಯುತ್ತದೆ. ಎರಡು ಮೂರು ಮಿಲಿ ಆಂಪಿಯರಿಗೇ ಬೆಚ್ಚುವ ಹಸುಗಳಿವೆ. ಅಮೆರಿಕದ ಕೃಷಿ ಇಲಾಖೆ 1991ರಲ್ಲಿ ಈ ಒಂದು ವಿಷಯಕ್ಕೇ ಕೈಪಿಡಿ ಹೊರತಂದಿತು. ಅಲ್ಲಿಯ ಡೇರಿಗಳಲ್ಲಿ ಹಸುಗಳು ನೀರಿನ ತೊಟ್ಟಿಗೆ ಬಾಯಿಡದೆ, ಕರೆಯುವ ಜಾಗಕ್ಕೆ ಬರಲು ಹಿಂಜರಿದು ರೈತರನ್ನು ಕಂಗೆಡಿಸಿದ್ದವು.

ಇನ್ನೊಂದು ಕಾರಣವಿದೆ. ನೆಲಕ್ಕೇ ಕರೆಂಟ್ ಇಳಿದಿದ್ದರೆ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ವೋಲ್ಟೇಜ್ ಬೇರೆ ಬೇರೆ ಇರುತ್ತದೆ. ನಮ್ಮ ಎರಡು ಹೆಜ್ಜೆಯ ನಡುವೆ ಅಂತರ ಕಡಿಮೆ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ನಡುವೆ ಐದಡಿ ಇರಬಹುದು, ಎದೆಗೂಡು ಬರುವುದು ಆ ದಾರಿಯಲ್ಲೇ. ಮಳೆಯಲ್ಲಿ ಕಂಬದ ಬುಡಕ್ಕೆ ಹೋದ ಹಸು ಸತ್ತು, ಹಿಂದೆ ಬಂದ ಮಾಲೀಕ ಬರೀ ಜುಂ ಎಂದು ಉಳಿಯುವುದು ಇದಕ್ಕೇ.

ಒಂದು ಎಚ್ಚರಿಕೆ. ಹಾಲು ಕಡಿಮೆಯಾದ ತಕ್ಷಣ ಕರೆಂಟ್ ಎಂದುಕೊಳ್ಳಬೇಡಿ. ಕೆಚ್ಚಲು ಬಾವು, ಮೇವು, ಬಿಸಿಲು, ಬೆದೆ ಎಲ್ಲವೂ ಕಾರಣವೇ. ಮೊದಲು ಡಾಕ್ಟರು. ಆದರೆ ಲೋಹದ ಪಾತ್ರೆಯಲ್ಲಿ ಕುಡಿಯದ ನೀರನ್ನು ಪ್ಲಾಸ್ಟಿಕ್ಕಿನಲ್ಲಿ ಕುಡಿದರೆ, ಮಿಷನ್ನು ಓಡುವಾಗ ಮಾತ್ರ ಒದ್ದಾಡಿದರೆ, ಮೇನ್ ಆಫ್ ಮಾಡಿದಾಗ ಸುಮ್ಮನಾದರೆ, ಅದು ಡಾಕ್ಟರ ಕೈಯಲ್ಲಿಲ್ಲದ ಕಾಯಿಲೆ.

ಮೊದಲ ಪ್ರಶ್ನೆ: "ಅಣ್ಣಾ, ಪರ್ಮಿಟ್ ಇದೆಯಾ?"

ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಶಿವನಸಮುದ್ರದ ಕರೆಂಟಿನಿಂದ. ನೂರು ವರ್ಷ ದಾಟಿದರೂ, ವೈರಿಂಗ್ ಮಾಡಲು ಸರ್ಕಾರದ ಪರವಾನಗಿ ಬೇಕು ಎಂದರೆ ನಂಬದವರೇ ಹೆಚ್ಚು. ಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಬಂದವು, 2023ರಲ್ಲಿ ಹೊಸದಾಗಿ ಹೊರಬಂದಿವೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಾಯಿಸುವಂಥ ಚಿಲ್ಲರೆ ಕೆಲಸ ಬಿಟ್ಟರೆ, ಹೊಸ ವೈರಿಂಗ್, ಸೇರಿಸುವುದು, ಬದಲಿಸುವುದು, ರಿಪೇರಿ ಯಾವುದೇ ಆಗಲಿ ಲೈಸೆನ್ಸ್ ಇರುವ ಗುತ್ತಿಗೆದಾರರ ಮೂಲಕವೇ ಆಗಬೇಕು. ಮೇಲ್ವಿಚಾರಕರಿಗೆ ಅರ್ಹತಾ ಪತ್ರ ಇರಬೇಕು, ಕೈಯಿಟ್ಟು ಕೆಲಸ ಮಾಡುವವರಿಗೆ ಪರ್ಮಿಟ್ ಇರಬೇಕು. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ವಿದ್ಯುತ್ ಪರಿವೀಕ್ಷಣಾಲಯ. ಕರೆಂಟ್ ಬಿಲ್ ಕೊಡುವ ಬೆಸ್ಕಾಂ ಬೇರೆ, ಇದು ಬೇರೆ ಇಲಾಖೆ.

ಐಟಿಐನಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಅಥವಾ ವೈರ್‌ಮನ್ ಕೋರ್ಸ್ ಓದಿದ ಹುಡುಗರಿಗೆ ಈ ಪಾಠ ಆಗಿರುತ್ತದೆ. ಬರೀ ಯಾರದೋ ಜೊತೆ ಹೋಗಿ ಕಲಿತವರಲ್ಲೂ ಒಳ್ಳೆ ಕೆಲಸಗಾರರಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಅಂಥವರು ಲೈಸೆನ್ಸ್ ಇರುವವರ ಕೈಕೆಳಗೆ ಮಾಡಬೇಕು, ಆ ಲೈಸೆನ್ಸಿನವರು ನಿಮ್ಮ ಕೊಟ್ಟಿಗೆಗೆ ಕಾಲಿಟ್ಟು ನೋಡಬೇಕು. ಹೊಸ ಮೀಟರ್‌ಗೆ ಅರ್ಜಿ ಹಾಕುವಾಗ ವೈರಿಂಗ್ ಪೂರ್ಣವಾಗಿದೆ, ಪರೀಕ್ಷೆ ಮಾಡಿದ್ದೇನೆ ಎಂದು ಗುತ್ತಿಗೆದಾರರು ಸಹಿ ಮಾಡಿದ ವರದಿ ಕೊಡಬೇಕಲ್ಲ, ಎಷ್ಟೋ ಕಡೆ ಅದರಲ್ಲಿ ಸಹಿ ಒಬ್ಬರದು, ಕೆಲಸ ಇನ್ನೊಬ್ಬರದು. ಹಾಲನ್ನೇ ನೋಡದೆ ಫ್ಯಾಟ್ ಬರೆದುಕೊಟ್ಟ ಹಾಗೆ. "ಸಹಿ ಹಾಕೋರು ಯಾರು? ಒಂದ್ಸಲ ಅವರನ್ನೂ ಕರ್ಕೊಂಡ್ ಬಾಪ್ಪ" ಎನ್ನಲು ಸಂಕೋಚ ಬೇಡ.

ಪರ್ಮಿಟ್ ಕೇಳಿದರೆ ಮುಖ ಗಂಟಿಕ್ಕುವವನು ಹೋಗಲಿ ಬಿಡಿ. ಇರುವವನು ಜೇಬಿನಿಂದ ತೆಗೆದು ತೋರಿಸುತ್ತಾನೆ, ಅದರಲ್ಲಿ ಅವನಿಗೆ ಹೆಮ್ಮೆ ಇರುತ್ತದೆ.

ಎರಡನೆಯದು: "ಎಂಸಿಬಿ ಇದ್ದಮೇಲೆ ಆರ್‌ಸಿಸಿಬಿ ಯಾಕೆ?"

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು. ಪರೀಕ್ಷೆಯಲ್ಲಿ ಅರ್ಧ ಮಾರ್ಕು ಇದಕ್ಕೇ ಇಡಿ.

"ಎಂಸಿಬಿ ಹಾಕಿದೀನಲ್ಲ, ಏನಾದ್ರೂ ಆದ್ರೆ ಅದೇ ಬೀಳತ್ತೆ" ಎಂಬ ಉತ್ತರ ಬಂದರೆ ಅದು ತಪ್ಪು. ಎಂಸಿಬಿ ಇರುವುದು ವೈರನ್ನು ಕಾಯಲು, ನಿಮ್ಮನ್ನು ಕಾಯಲು ಅಲ್ಲ. 16 ಆಂಪಿಯರಿನ ಎಂಸಿಬಿ 16 ಆಂಪಿಯರ್ ದಾಟುವವರೆಗೂ ಸುಮ್ಮನಿರುತ್ತದೆ. ಅದು ಹದಿನಾರು ಸಾವಿರ ಮಿಲಿ ಆಂಪಿಯರ್. ಮನುಷ್ಯನ ಎದೆಬಡಿತ ದಾರಿ ತಪ್ಪಲು ಕೆಲವು ಹತ್ತು ಮಿಲಿ ಆಂಪಿಯರ್ ಸಾಕು. ಅಷ್ಟು ಹೊತ್ತಿಗೆ ಎಂಸಿಬಿಗೆ ನಿದ್ದೆಯೂ ಕಲಕಿರುವುದಿಲ್ಲ.

ಅರ್ಥಿಂಗ್ ಇದ್ದರೂ ಇದೇ ಕಥೆ ಆಗಬಹುದು. ನಮ್ಮ ಕಡೆಯ ಕೆಂಪು ಮಣ್ಣು ಬೇಸಿಗೆಯಲ್ಲಿ ಒಣಗಿದಾಗ ಅರ್ಥ್ ಗುಂಡಿಯ ತಡೆ 20 ಓಮ್‌ಗೆ ಏರಿತು ಎಂದಿಟ್ಟುಕೊಳ್ಳಿ. ಮಿಷನ್ನಿನ ಮೈಗೆ ಕರೆಂಟ್ ತಗಲಿದರೆ 230 ವೋಲ್ಟನ್ನು 20ರಿಂದ ಭಾಗಿಸಿ: ಹನ್ನೊಂದೂವರೆ ಆಂಪಿಯರ್ ನೆಲಕ್ಕೆ ಹರಿಯುತ್ತದೆ. 16 ಆಂಪಿಯರಿನ ಎಂಸಿಬಿ ಬೀಳುವುದೇ ಇಲ್ಲ. ಮಿಷನ್ನಿನ ಮೈಯಲ್ಲಿ ಕರೆಂಟ್ ಇದ್ದೇ ಇರುತ್ತದೆ, ನೀವು ಮೇವು ತೆಗೆಯಲು ಕೈ ಹಾಕುವವರೆಗೂ.

ಆರ್‌ಸಿಸಿಬಿ ಬೇರೆ ರೀತಿ ಕೆಲಸ ಮಾಡುತ್ತದೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತೇ ಎಂದು ಲೆಕ್ಕ ಇಡುತ್ತದೆ. ಬೆಳಗ್ಗೆ ಡೇರಿಗೆ ಕಳಿಸಿದ ಲೀಟರು, ಚೀಟಿಯಲ್ಲಿ ಬಂದ ಲೀಟರು ತಾಳೆ ನೋಡುವ ಹಾಗೆ. 30 ಮಿಲಿ ಆಂಪಿಯರ್ ಕಡಿಮೆ ಬಂದರೂ, ಎಲ್ಲೋ ಸೋರಿದೆ, ಯಾರದೋ ಮೈಮೇಲೆ ಹೋಗುತ್ತಿದೆ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುತ್ತದೆ. ಕೊಳ್ಳುವಾಗ ಮೇಲೆ 30 ಎಂಎ ಎಂದು ಬರೆದಿರುವುದನ್ನೇ ಕೇಳಿ. 100, 300 ಎಂದು ಬರೆದವೂ ಬರುತ್ತವೆ. ಅವು ಬೆಂಕಿ ತಡೆಯಲು ಸರಿ, ಜೀವ ಉಳಿಸಲು ಸಾಲವು. ಬೆಲೆ ಸುಮಾರು ಎರಡು ಮೂರು ಸಾವಿರ. ಮುಕ್ಕಾಲು ಲಕ್ಷ ಕೊಟ್ಟು ತಂದ ಹಸುವಿನ ಪಕ್ಕ ಇಟ್ಟು ನೋಡಿ.

ಈಗ ಒಂದು ಉಪಪ್ರಶ್ನೆ. "ಇದು ಪದೇಪದೇ ಬಿದ್ದರೆ ಏನು ಮಾಡ್ತೀಯಪ್ಪ?" ಸರಿ ಉತ್ತರ: ಒಂದೊಂದೇ ಲೈನ್ ಬಿಡಿಸಿ ಎಲ್ಲಿ ಸೋರಿಕೆ ಇದೆ ಎಂದು ಹುಡುಕುತ್ತೇನೆ. ಮೋಟರಿನೊಳಗೆ ನೀರು ಹೋಗಿರಬಹುದು, ವೈರ್ ಇಲಿ ಕಚ್ಚಿರಬಹುದು, ಬೇರೆ ಲೈನಿನ ನ್ಯೂಟ್ರಲ್ ಸೇರಿಕೊಂಡಿರಬಹುದು. "ತೆಗೆದು ಡೈರೆಕ್ಟ್ ಮಾಡ್ಬಿಡ್ತೀನಿ ಬಿಡಮ್ಮ" ಎಂದವನು ಫೇಲ್. ಬೊಗಳುವ ನಾಯಿಯನ್ನು ಊರಾಚೆ ಬಿಟ್ಟು ಕಳ್ಳನಿಗೆ ಬಾಗಿಲು ತೆರೆದ ಹಾಗಾಯಿತು ಅದು.

ಅರ್ಥಿಂಗ್ ಬಗ್ಗೆ ಬಾಯಿಬಿಡಿಸಿ

"ಅರ್ಥಿಂಗ್ ಎಲ್ಲಿ ಮಾಡ್ತೀಯ?" ಎಂದು ಕೇಳಿ, ಜಾಗ ತೋರಿಸಲು ಹೇಳಿ. ಸಾಮಾನ್ಯವಾಗಿ ಸುಮಾರು 40 ಮಿಲಿಮೀಟರ್ ದಪ್ಪದ, ಎರಡೂವರೆ ಮೀಟರ್ ಉದ್ದದ ಜಿಐ ಪೈಪನ್ನು ನೆಲಕ್ಕಿಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿ, ಮೇಲೆ ನೀರು ಹಾಕಲು ಬಾಯಿ ಬಿಟ್ಟು ಮಾಡುತ್ತಾರೆ. ಒಂದಡಿ ಸರಳು ನೆಟ್ಟು ತಂತಿ ಸುತ್ತಿದರೆ ಅರ್ಥಿಂಗ್ ಆಗುವುದಿಲ್ಲ. ಗುಂಡಿ ಹಸು ಕಟ್ಟುವ ಜಾಗದಿಂದ, ಓಡಾಡುವ ದಾರಿಯಿಂದ ದೂರವಿರಲಿ. ಮಾಡಿದ ಮೇಲೆ ಅರ್ಥ್ ಟೆಸ್ಟರ್ ಇಟ್ಟು ಅಳೆದು ತೋರಿಸಬೇಕು. ಐದು ಓಮ್‌ಗಿಂತ ಕಡಿಮೆ ಬಂದರೆ ಸಂತೋಷ. ಬೇಸಿಗೆಯಲ್ಲಿ ಆಗಾಗ ಒಂದು ಬಿಂದಿಗೆ ನೀರು ಹೊಯ್ಯುವ ಕೆಲಸ ನಿಮ್ಮದು. ತುಳಸಿಗೆ ಹಾಕುವಾಗ ನೆನಪಾದರೆ ಸಾಕು.

ಮಿಷನ್ನಿನ ಮೈ, ಹಾಲು ಕರೆಯುವ ಯಂತ್ರದ ಮೈ ಇವಕ್ಕೆ ಮಾತ್ರವಲ್ಲ, ಕಬ್ಬಿಣದ ಕಂಬ, ಗೋದಲಿಯ ಸರಳು, ನೀರಿನ ಪೈಪು, ತೊಟ್ಟಿ ಎಲ್ಲವನ್ನೂ ಒಂದು ತಂತಿಯಿಂದ ಜೋಡಿಸಿ ಅದೇ ಅರ್ಥಿಗೆ ಸೇರಿಸಬೇಕು. ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿದ್ದರೆ ಅವುಗಳ ನಡುವೆ ವೋಲ್ಟೇಜಿನ ಅಂತರ ಅಷ್ಟಾಗಿ ಏಳುವುದಿಲ್ಲ, ಹಸು ಮೂತಿ ಒಂದಕ್ಕೆ ಮೈ ಇನ್ನೊಂದಕ್ಕೆ ತಾಗಿಸಿ ನಿಂತರೂ ತೊಂದರೆ ಕಡಿಮೆ. ಮನೆ ವೈರಿಂಗ್ ಮಾತ್ರ ಮಾಡಿ ಗೊತ್ತಿರುವವರಿಗೆ ಇದು ತೋಚುವುದಿಲ್ಲ. ಕೊಟ್ಟಿಗೆ ಕೆಲಸ ಬಲ್ಲವನು ಯಾರು ಎಂದು ಇಲ್ಲೇ ಗೊತ್ತಾಗುತ್ತದೆ.

ಇನ್ನು ಎರಡು ಕಳ್ಳಾಟಗಳಿವೆ, ಅವನ್ನು ಕೇಳಿಯೇ ತಿಳಿಯಬೇಕು.

ಒಂದು, ಗುಂಡಿ ತೆಗೆಯುವ ಶ್ರಮ ತಪ್ಪಿಸಲು ಸಾಕೆಟ್ಟಿನೊಳಗೆ ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೆ ಸೇರಿಸಿಬಿಡುವುದು. ಟೆಸ್ಟರ್ ಇಟ್ಟರೆ ಎಲ್ಲ ಸರಿಯಿರುವಂತೆ ಕಾಣುತ್ತದೆ. ಎಂದಾದರೂ ಹೊರಗೆ ನ್ಯೂಟ್ರಲ್ ತುಂಡಾದರೆ ಪೂರಾ 230 ವೋಲ್ಟ್ ಮಿಷನ್ನಿನ ಮೈಗೇ ಬರುತ್ತದೆ, ಮಿಷನ್ನು ಮಾತ್ರ ಓಡುವುದಿಲ್ಲ. ಯಾಕೆ ಓಡುತ್ತಿಲ್ಲ ಎಂದು ನಾವು ಹೋಗಿ ತಟ್ಟಿ ನೋಡುತ್ತೇವೆ.

ಎರಡನೆಯದು, ನ್ಯೂಟ್ರಲ್ ಕೈಕೊಟ್ಟಾಗ ನೆಲಕ್ಕೆ ಸರಳು ನೆಟ್ಟು ಅದನ್ನೇ ನ್ಯೂಟ್ರಲ್ ಮಾಡಿಕೊಂಡು ಬಲ್ಬು, ಮೋಟರು ಓಡಿಸುವುದು. ಹಳ್ಳಿಗಳಲ್ಲಿ ಇದನ್ನು ಜಾಣತನ ಎಂದುಕೊಂಡವರಿದ್ದಾರೆ. ಆ ಸರಳಿನ ಸುತ್ತಲಿನ ನೆಲವೆಲ್ಲ ಆಗ ಕರೆಂಟಿನ ದಾರಿ. ಹಸುವಿನ ಐದಡಿ ಹೆಜ್ಜೆಯ ಮಾತು ಮೇಲೆ ಹೇಳಿದೆನಲ್ಲ, ಅದು ಇಲ್ಲಿಗೆ ಬರುತ್ತದೆ. ನಿಮ್ಮ ಮನೆಯವರೇ ಮಾಡಿಸಿದ್ದರೂ ತೆಗೆಸಿ.

ಮೇವಿನ ಮಿಷನ್ನಿನ ಹತ್ತಿರ ನಿಂತು ಕೇಳುವವು

ಮೂರು ಪಿನ್ನಿನ ಪ್ಲಗ್ಗನ್ನು ಕೈಗೆ ಕೊಟ್ಟು, "ಮೇಲಿನ ಪಿನ್ನು ಯಾಕೆ ಉದ್ದ, ಯಾಕೆ ದಪ್ಪ?" ಎಂದು ಕೇಳಿ. ಅದು ಅರ್ಥ್ ಪಿನ್ನು. ಚುಚ್ಚುವಾಗ ಮೊದಲು ಅದು ಕೂಡಿಕೊಳ್ಳಬೇಕು, ಕೀಳುವಾಗ ಕೊನೆಗೆ ಅದು ಬಿಡಬೇಕು. ಕರೆಂಟ್ ಇರುವ ಯಾವ ಗಳಿಗೆಯಲ್ಲೂ ರಕ್ಷಣೆ ಇಲ್ಲದಂತೆ ಆಗಬಾರದು. ದಪ್ಪ ಇರುವುದು ಬೇರೆ ತೂತಿಗೆ ಹೋಗದಿರಲಿ ಎಂದು. ಎರಡು ಪಿನ್ನಿನ ಸಾಕೆಟ್ಟಿಗೆ ಹೊಂದಿಸಲು ಆ ಪಿನ್ನನ್ನೇ ಮುರಿದು ಕೊಡುವ ಮಹಾನುಭಾವರಿದ್ದಾರೆ. ಎಕ್ಸ್‌ಟೆನ್ಷನ್ ಬಾಕ್ಸಿಗೆ ಮೂರೆಳೆ ಬದಲು ಎರಡೆಳೆ ವೈರ್ ಹಾಕುವುದೂ ಅದೇ ಕೆಲಸ.

ವೈರು ಎಷ್ಟು ದಪ್ಪ? ಎರಡು ಎಚ್‌ಪಿ ಸಿಂಗಲ್ ಫೇಸ್ ಮೋಟರು ಓಡುವಾಗ ಸುಮಾರು 10 ಆಂಪಿಯರ್ ಎಳೆಯುತ್ತದೆ, ಸ್ಟಾರ್ಟ್ ಆಗುವ ಕ್ಷಣಕ್ಕೆ ಅದರ ಐದಾರು ಪಟ್ಟು. ಲೈಟಿಗೆ ಹಾಕುವ ಒಂದೂವರೆ ಎಂಎಂ ವೈರು ಇದಕ್ಕೆ ಸಾಲದು. ಎರಡೂವರೆ ಬೇಕು, ಮೀಟರಿನಿಂದ ಕೊಟ್ಟಿಗೆ ದೂರವಿದ್ದರೆ ನಾಲ್ಕು. ತೆಳು ವೈರು ಬಿಸಿಯಾಗುತ್ತದೆ, ಪಕ್ಕದಲ್ಲಿರುವುದು ಒಣ ಹುಲ್ಲಿನ ರಾಶಿ. ಐಎಸ್‌ಐ ಗುರುತು ವೈರಿನ ಮೈಮೇಲೇ ಅಚ್ಚಾಗಿರುತ್ತದೆ, ನೀವೇ ಓದಿ ನೋಡಬಹುದು. ಪೈಪಿನೊಳಗೆ ಹೋಗಬೇಕು, ಶೀಟಿಗೆ ಕಂಬಕ್ಕೆ ತಾಗುವಲ್ಲಿ ಬರೀ ವೈರು ಇರಬಾರದು, ಹಸುವಿನ ಮೂತಿ ಕೊಂಬು ಎಟುಕದ ಎತ್ತರದಲ್ಲಿರಬೇಕು. ನಡುವೆ ಟೇಪು ಸುತ್ತಿದ ಜಾಯಿಂಟು ಒಂದೂ ಬೇಡ. ಸ್ವಿಚ್ ಬೋರ್ಡು ನೀರು ಎರಚದ ಜಾಗದಲ್ಲಿ, ಮುಚ್ಚಳವಿರುವ ಡಬ್ಬಿಯೊಳಗೆ. ಸ್ವಿಚ್ಚು ಫೇಸ್ ಲೈನಿನಲ್ಲಿರಬೇಕು. ನ್ಯೂಟ್ರಲ್‌ನಲ್ಲಿ ಹಾಕಿದರೆ ಆಫ್ ಮಾಡಿದರೂ ಒಳಗೆ ಕರೆಂಟ್ ಇರುತ್ತದೆ.

ಮುಂದಿನ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: "ಕರೆಂಟ್ ಹೋಗಿ ಬಂದರೆ ಮಿಷನ್ನು ತಾನಾಗಿ ಓಡತ್ತಾ?" ಓಡಬಾರದು. ಬರೀ ಸ್ವಿಚ್ಚಿಟ್ಟರೆ ಓಡುತ್ತದೆ. ಮೇವು ಸಿಕ್ಕಿಕೊಂಡಿದೆ, ಅಷ್ಟರಲ್ಲಿ ಕರೆಂಟ್ ಹೋಯಿತು, ಹೇಗೂ ನಿಂತಿದೆಯಲ್ಲ ಎಂದು ಬ್ಲೇಡಿನ ಬಾಯಿಗೆ ಕೈ ಹಾಕಿ ಎಳೆಯುತ್ತೀರಿ, ಕರೆಂಟ್ ಬಂತು. ಬೆರಳು ಕಳೆದುಕೊಂಡವರು ನಮ್ಮ ನಡುವೆ ಇದ್ದಾರೆ. ಕರೆಂಟ್ ಹೋದಾಗ ತಾನೇ ಬಿಟ್ಟುಕೊಂಡು, ಮತ್ತೆ ಹಸಿರು ಗುಂಡಿ ಒತ್ತುವವರೆಗೂ ಓಡದ ಸ್ಟಾರ್ಟರ್ ಇದೆ, ಅದನ್ನೇ ಹಾಕಿಸಿ. ಕೆಂಪು ಗುಂಡಿ ನೀವು ಮೇವು ತಳ್ಳುತ್ತಾ ನಿಂತಲ್ಲೇ ಕೈಗೆ ಸಿಗಬೇಕು. ಸ್ಟಾರ್ಟರ್ ಇದ್ದರೂ ಬ್ಲೇಡಿಗೆ ಕೈ ಹಾಕುವ ಮುಂಚೆ ಪ್ಲಗ್ ಕಿತ್ತು ಕಣ್ಣೆದುರು ಇಟ್ಟುಕೊಳ್ಳಿ. ಬೆಲ್ಟಿಗೆ ಮುಚ್ಚಳ ಇಲ್ಲದ ಮಿಷನ್ನಿನ ಹತ್ತಿರ ಸೆರಗು ಸಿಕ್ಕಿಸದೆ, ಜಡೆ ಸುತ್ತಿಕಟ್ಟದೆ ಹೋಗಬೇಡಿ.

ಅವನು ಕೆಲಸ ಮಾಡುವುದನ್ನು ನೋಡಿ

ಬಾಯಿಪಾಠ ಒಪ್ಪಿಸುವವರು ಇರುತ್ತಾರೆ, ಕೈ ಸುಳ್ಳು ಹೇಳುವುದಿಲ್ಲ. ಟೀ ಕೊಡುವ ನೆಪದಲ್ಲಿ ಅರ್ಧ ಗಂಟೆ ಅಲ್ಲೇ ಇರಿ.

ಮೊದಲು ಮೇನ್ ಆಫ್ ಮಾಡಿದನೇ? ಫ್ಯೂಸ್ ಕಿತ್ತು ಜೇಬಿಗಿಟ್ಟುಕೊಂಡನೇ, ಅಥವಾ 'ಕೆಲಸ ನಡೆಯುತ್ತಿದೆ, ಆನ್ ಮಾಡಬೇಡಿ' ಎಂದು ಚೀಟಿಯಾದರೂ ಕಟ್ಟಿದನೇ? ಮನೆಯೊಳಗಿನಿಂದ ಮಗು ಬಂದು ಟಿವಿ ಓಡುತ್ತಿಲ್ಲ ಎಂದು ಸ್ವಿಚ್ ಎತ್ತುವುದು ಎಷ್ಟೊತ್ತಿನ ಮಾತು. ಟೆಸ್ಟರನ್ನು ಮೊದಲು ಕರೆಂಟ್ ಇರುವ ಜಾಗದಲ್ಲಿ ಇಟ್ಟು ಉರಿಯುವುದನ್ನು ನೋಡಿ, ಆಮೇಲೆ ಕೆಲಸದ ಜಾಗದಲ್ಲಿ ಇಟ್ಟು ನೋಡಿದನೇ? ಕೆಟ್ಟ ಟೆಸ್ಟರು ಎಲ್ಲೆಲ್ಲೂ ಕರೆಂಟ್ ಇಲ್ಲ ಎಂದೇ ಹೇಳುತ್ತದೆ. ಕಾಲಿಗೆ ಶೂ ಇದೆಯೇ? ಏಣಿ ಮರದ್ದೇ, ಬಿದಿರಿನದ್ದೇ, ಅಥವಾ ಅಲ್ಯೂಮಿನಿಯಂ ಏಣಿಯನ್ನು ಲೈನಿನ ಕೆಳಗೆ ಎತ್ತುತ್ತಿದ್ದಾನೆಯೇ? ತನ್ನ ಜೀವಕ್ಕೆ ಬೆಲೆ ಕೊಡದವನು ನಿಮ್ಮ ಹಸುವಿನ ಜೀವಕ್ಕೆ ಕೊಡುತ್ತಾನೆಯೇ?

ಒಂದು ವಿಷಯದಲ್ಲಿ ನೀವೂ ಗಟ್ಟಿಯಿರಬೇಕು. ಫ್ಯೂಸ್ ಹೋಗಿದೆ ಎಂದು ಇವನನ್ನು ಟಿಸಿ ಹತ್ತಿಸಬೇಡಿ. ಕಂಬ, ಟಿಸಿ, ಮೀಟರಿನ ಆಚೆಯ ಲೈನು ಬೆಸ್ಕಾಂನದ್ದು. ಲೈನ್‌ಮನ್ ಕೂಡ ಲೈನ್ ಕ್ಲಿಯರ್ ತೆಗೆದುಕೊಂಡೇ ಹತ್ತಬೇಕು. "ಸಂಜೆ ಹಾಲು ಕರೀಬೇಕು, ಹತ್ತಪ್ಪ, ಇನ್ನೂರು ಕೊಡ್ತೀನಿ" ಎಂದು ನಾವೇ ಹೇಳಿ, ಹತ್ತಿದ ಹುಡುಗ ಇಳಿಯದೆ ಹೋದರೆ ಅವನ ತಾಯಿಗೆ ಏನು ಹೇಳುವುದು? 1912ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಅವತ್ತು ಕೈಯಲ್ಲೇ ಕರೆಯಿರಿ.

ಕೆಲಸ ಮುಗಿದ ಮೇಲೆ ದುಡ್ಡು ಕೊಡುವ ಮುಂಚೆ ಎರಡು ಕೆಲಸ ಆಗಲಿ. ಮೆಗ್ಗರ್ ಎಂಬ ಪೆಟ್ಟಿಗೆಯಿಂದ 500 ವೋಲ್ಟ್ ಒಂದು ನಿಮಿಷ ಕೊಟ್ಟು ವೈರಿನ ಸಿಪ್ಪೆ ಗಟ್ಟಿಯಿದೆಯೇ ಎಂದು ಅಳೆಯುತ್ತಾರೆ. ಕಡೇಪಕ್ಷ ಒಂದು ಮೆಗಾ ಓಮ್ ಬರಬೇಕು. ಆಮೇಲೆ ಆರ್‌ಸಿಸಿಬಿಯ ಮೇಲಿರುವ 'ಟಿ' ಗುಂಡಿಯನ್ನು ನೀವೇ ಒತ್ತಿ. ಟಪ್ ಎಂದು ಬೀಳಬೇಕು. ಆ ಗುಂಡಿ ಆರ್‌ಸಿಸಿಬಿ ಸರಿಯಿದೆ ಎಂದು ಮಾತ್ರ ಹೇಳುತ್ತದೆ. ಅರ್ಥಿಂಗ್ ಸರಿಯಿದೆ ಎಂದು ಅದರಿಂದ ಗೊತ್ತಾಗುವುದಿಲ್ಲ, ಅದಕ್ಕೆ ಅರ್ಥ್ ಟೆಸ್ಟರೇ ಬೇಕು. ಬಲ್ಬು ಹಿಡಿದು ಫೇಸಿಗೂ ಅರ್ಥಿಗೂ ಸೇರಿಸಿ ನೋಡುವ ಆಟವನ್ನು ನೀವಂತೂ ಆಡಲೇಬೇಡಿ.

ಅಪಾಯ ಆಗಿಯೇ ಹೋದರೆ

ಮನುಷ್ಯರಿಗಾಗಲಿ, ಹಸುವಿಗಾಗಲಿ ಕರೆಂಟ್ ಹಿಡಿದುಕೊಂಡರೆ ಮೊದಲು ಮೇನ್ ಆಫ್, ಆಮೇಲೆ ಬೇರೆ ಮಾತು. ಮುಟ್ಟಲು ಓಡಬೇಡಿ. ಒಂದೇ ಕೊಟ್ಟಿಗೆಯಲ್ಲಿ ಹಸುವಿನ ಹಿಂದೆ ಗಂಡ, ಗಂಡನ ಹಿಂದೆ ಹೆಂಡತಿ ಹೋಗುವುದು ಹೀಗೆಯೇ. ಆದ್ದರಿಂದ ಕೊಟ್ಟಿಗೆಯ ಮೇನ್ ಎಲ್ಲಿದೆ ಎಂದು ಮನೆಯ ಮಕ್ಕಳಿಗೂ, ಕಣ್ಣು ಮಂಜಾದ ಅಜ್ಜಿಗೂ ಗೊತ್ತಿರಲಿ. ಉಸಿರು ನಿಂತಿದ್ದರೆ ಎದೆ ಒತ್ತುತ್ತಾ 108ಕ್ಕೆ ಕರೆ ಮಾಡಿಸಿ. ಹಸುವಿಗಾದರೆ ಪಶು ಸಂಜೀವಿನಿಯ 1962.

ಹೊರಗೆ ಲೈನ್ ಕಡಿದು ಬಿದ್ದಿದ್ದರೆ ಹತ್ತು ಮೀಟರ್ ದೂರ ನಿಂತು 1912ಕ್ಕೆ ಹೇಳಿ, ಬೇರೆಯವರನ್ನೂ ತಡೆಯಿರಿ. ಒಣ ಕೋಲಿನಿಂದ ಸರಿಸುವ ಸಾಹಸ ಬೇಡ, ಅದು ಹೈಟೆನ್ಷನ್ ಆಗಿದ್ದರೆ ಕೋಲೂ ಕಾಯುವುದಿಲ್ಲ. 2023ರ ನವೆಂಬರಿನಲ್ಲಿ ವೈಟ್‌ಫೀಲ್ಡ್ ಹತ್ತಿರದ ಹೋಪ್‌ಫಾರ್ಮ್ ಜಂಕ್ಷನ್ನಿನ ಫುಟ್‌ಪಾತ್ ಮೇಲೆ, ಬೆಳಕು ಹರಿಯುವ ಮುಂಚೆ, ಬಿದ್ದಿದ್ದ ತಂತಿ ತುಳಿದು ಒಬ್ಬ ತಾಯಿ, ಕಂಕುಳಲ್ಲಿದ್ದ ಹಸುಗೂಸು ಇಬ್ಬರೂ ಹೋದರು. ನಾವು ಡೇರಿಗೆ ಕ್ಯಾನು ಹೊತ್ತು ಹೊರಡುವುದೂ ಅದೇ ಕತ್ತಲಲ್ಲಿ. ಮಳೆ ಗಾಳಿ ಬಂದ ರಾತ್ರಿಯ ಮಾರನೆ ಬೆಳಗ್ಗೆ ಟಾರ್ಚ್ ಇಲ್ಲದೆ ಹೊರಗೆ ಕಾಲಿಡಬೇಡಿ, ಹಸುವನ್ನು ಮುಂದೆ ಬಿಟ್ಟು ಹಿಂದೆ ನಡೆಯಬೇಡಿ.

ಹಸು ಸತ್ತರೆ ಅವಸರದಲ್ಲಿ ಹೂಳಬೇಡಿ. 2003ರ ವಿದ್ಯುತ್ ಕಾಯ್ದೆಯ 161ನೇ ಕಲಮಿನಲ್ಲಿ ವಿದ್ಯುತ್ ಅಪಘಾತದಲ್ಲಿ ಮನುಷ್ಯರ ಜೊತೆಗೆ ಪ್ರಾಣಿ ಸತ್ತರೂ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು ಎಂದಿದೆ. ಕೆಲವರು, ದನ ತಾನೇ, ಅದಕ್ಕೆಲ್ಲ ಯಾಕೆ ಎನ್ನುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. ಬೆಸ್ಕಾಂಗೆ, ಪೊಲೀಸರಿಗೆ ತಿಳಿಸಿ, ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ, ಕಿವಿಯೋಲೆ ಕಾಣುವಂತೆ, ತಂತಿ ಕಾಣುವಂತೆ ಫೋಟೋ ತೆಗೆಸಿ. ವಿಮೆಗೂ ಪರಿಹಾರಕ್ಕೂ ಈ ಕಾಗದಗಳೇ ಆಧಾರ. ಪರಿಹಾರದ ಪ್ರಶ್ನೆ ಬಂದಾಗ ತಪ್ಪು ಹೊರಗಿನ ಲೈನಿನದೋ, ನಮ್ಮ ಕೊಟ್ಟಿಗೆಯ ವೈರಿಂಗಿನದೋ ಎಂದು ನೋಡುತ್ತಾರೆ. ಪರ್ಮಿಟ್ ಇಲ್ಲದವನಿಂದ ಮಾಡಿಸಿದ್ದರೆ, ಕಾಗದ ಒಂದೂ ಇಲ್ಲದಿದ್ದರೆ, ಅಲ್ಲಿ ನಿಮ್ಮ ಮಾತು ತೂಕ ಕಳೆದುಕೊಳ್ಳುತ್ತದೆ. ಆದ್ದರಿಂದ ಕೆಲಸ ಮಾಡಿದವನ ಹೆಸರು, ಪರ್ಮಿಟ್ ನಂಬರು, ಅರ್ಥ್ ಎಷ್ಟು ಓಮ್ ಬಂತು, ತಾರೀಕು ಇಷ್ಟನ್ನು ಡೇರಿ ಪಾಸ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ.

ಮೇಲೆ ಹೇಳಿದ ಆ ಕೊಟ್ಟಿಗೆಯ ಸೊಸೆ ಈಗ ತಿಂಗಳ ಮೊದಲನೇ ಬಟವಾಡೆಯ ದಿನ ಟೆಸ್ಟ್ ಗುಂಡಿ ಒತ್ತುತ್ತಾಳೆ, ದಿನ ಮರೆಯಬಾರದು ಎಂದು. ಹಸುಗಳು ಹಳೆಯ ಕಬ್ಬಿಣದ ಡ್ರಮ್ಮಿಗೆ ಮೂತಿಯಿಡಲು ಮಾತ್ರ ಇನ್ನೂ ಒಪ್ಪಿಲ್ಲ. ವೈರಿಂಗ್ ಸರಿಯಾಗಿ ಎಷ್ಟೋ ತಿಂಗಳಾಯಿತು, ಅವು ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಕುಡಿಯುತ್ತಿವೆ.